ಟ್ರ್ಯಾಕ್ಟರಿಗೆ ಮೂರು ತೋಳು ಕೊಟ್ಟ ಫರ್ಗುಸನ್

ನಮ್ಮ ಟ್ರ್ಯಾಕ್ಟರುಗಳ ಹಿಂದೆ ನೇಗಿಲು ಹಿಡಿಯುವ ಮೂರು ತೋಳುಗಳಿವೆಯಲ್ಲ, ಅವನ್ನು ರೂಪಿಸಿದವರು ಹ್ಯಾರಿ ಫರ್ಗುಸನ್. 1884ರಲ್ಲಿ ಐರ್ಲೆಂಡಿನ ರೈತನ ಮನೆಯಲ್ಲಿ ಹುಟ್ಟಿ, ಬೆಲ್‌ಫಾಸ್ಟಿನಲ್ಲಿ ಅಣ್ಣನ ಗ್ಯಾರೇಜಿನಲ್ಲಿ ರಿಪೇರಿ ಕಲಿತರು. 1917ರಲ್ಲಿ ಸರ್ಕಾರದ ಪರವಾಗಿ ಟ್ರ್ಯಾಕ್ಟರುಗಳನ್ನು ನೋಡಿಕೊಂಡರು. ಆಗ ನೇಗಿಲನ್ನು ಬರೀ ಹಿಂದೆ ಕಟ್ಟಿ ಎಳೆಸುತ್ತಿದ್ದರು. ಅದು ಬಂಡೆಗೆ ಸಿಕ್ಕರೆ ಮುಂದಿನ ಚಕ್ರ ಮೇಲೆದ್ದು, ಟ್ರ್ಯಾಕ್ಟರ್ ಮಗುಚಿ ಡ್ರೈವರನ ಪ್ರಾಣವೇ ಹೋಗುತ್ತಿತ್ತು. ಫರ್ಗುಸನ್ನರು ವರ್ಷಗಟ್ಟಲೆ ದುಡಿದು ಮೂರು ತೋಳು, ಹೈಡ್ರಾಲಿಕ್ ಜೋಡಿಸಿ ಈ ಗಂಡಾಂತರ ತಗ್ಗಿಸಿದರು. 1946ರಿಂದ 1956ರವರೆಗೆ ಅವರ ಸಣ್ಣ ಟ್ರ್ಯಾಕ್ಟರು ಟಿಇ-20, 5 ಲಕ್ಷಕ್ಕೂ ಮಿಕ್ಕಿ ತಯಾರಾಯಿತು. 1960ರಲ್ಲಿ ತೀರಿಕೊಂಡರು.

ಸದಸ್ಯ ಬಾಂಧವರೇ, ಮನೇಲೇ ರಿಪೇರಿ ಮಾಡುವಾಗ ಸವೆದ ಪಿನ್ನು ಬದಲಿಸಿ, ಹೈಡ್ರಾಲಿಕ್ ಎಣ್ಣೆ ನೋಡಿ. ಮರದ ಬೊಡ್ಡೆ ಎಳೆಸುವ ಸರಪಳಿಯನ್ನು ಟಾಪ್ ಲಿಂಕಿಗೆ ಕಟ್ಟಬೇಡಿ, ಕೆಳಗಿನ ಡ್ರಾಬಾರಿಗೇ ಕಟ್ಟಿ. ಅವರು ತಪ್ಪಿಸಿದ ಸಾವನ್ನು ನಾವು ಮತ್ತೆ ಹೊಲಕ್ಕೆ ಕರೆಯೋದು ಬೇಡ.