ಶಾಂತವೇರಿ ಗೋಪಾಲಗೌಡರು

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಜನಿಸಿದ ಶಾಂತವೇರಿ ಗೋಪಾಲಗೌಡರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಧುಮುಕಿ ಸೆರೆಮನೆ ಕಂಡರು. ಮುಂದೆ ಸಮಾಜವಾದಿ ಪಕ್ಷವನ್ನು ಸೇರಿದರು.

ಆಗ ಮಲೆನಾಡಿನಲ್ಲಿ ಗೇಣಿಯ ಭತ್ತವನ್ನು ಒಡೆಯರ ಕೊಳಗದಿಂದಲೇ ಅಳೆಯಬೇಕಾಗಿತ್ತು. ಕೊಳಗ ಹಿರಿದಾದಷ್ಟೂ ಉಳುವವನ ಪಾಲು ಕಿರಿದಾಗುತ್ತಿತ್ತು. ಇದನ್ನು ಪ್ರತಿಭಟಿಸಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಗೌಡರು ಅವರ ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಮರುವರ್ಷ ಗೌಡರು ಶಾಸನಸಭೆಗೆ ಆಯ್ಕೆಯಾದರು. ಪಕ್ಷದ ಕೀರ್ತಿ ಹಬ್ಬಿತು.

ಆದರೆ ಪಕ್ಷದೊಳಗೆ ಒಗ್ಗಟ್ಟು ಉಳಿಯಲಿಲ್ಲ. 1952ರಲ್ಲಿ ಮತ್ತೊಂದು ಪಕ್ಷದೊಡನೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾದ ಅದು 1955ರಲ್ಲಿ ಒಡೆಯಿತು. 1964ರಲ್ಲಿ ಮತ್ತೆ ಕೂಡಿ, ಮರುವರ್ಷವೇ ಪುನಃ ಒಡೆಯಿತು. 1957ರಲ್ಲಿ ಸೋತ ಗೌಡರು 1962 ಮತ್ತು 1967ರಲ್ಲಿ ಗೆದ್ದರು. ಸೋಲಿಗೆ ಕುಗ್ಗಲಿಲ್ಲ, ಗೆಲುವಿನಿಂದ ಧನ ಕೂಡಿಡಲಿಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದು ಸಭೆಯಲ್ಲಿ ವಾದಿಸಿದರು.

1972ರಲ್ಲಿ ಅವರು ನಿಧನರಾದರು. ಮರುವರ್ಷ ರಾಜ್ಯಕ್ಕೆ ಆ ಹೆಸರು ಬಂದಿತು. 1974ರಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ತಂದ ಭೂಸುಧಾರಣೆಯು ಉಳುವವನಿಗೆ ಭೂಮಿಯ ಒಡೆತನ ನೀಡಿತು. ಗೌಡರ ಪಕ್ಷ ಚದುರಿಹೋಯಿತು. ಕಾಗೋಡಿನ ರೈತರ ಬೇಡಿಕೆ ಮಾತ್ರ ನಾಡಿನ ಕಾನೂನಾಯಿತು.