ಹಾವಿನ ಮುಂದೆ ಹಿಂದಕ್ಕೆ ಹಾರಿದ ಡಾರ್ವಿನ್: ಆತಂಕ ಅಂದರೆ ಪುಕ್ಕಲುತನವೇ?

ಸುಮ್ಮನೆ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಾಲ್ಕು ಜನರ ಮಧ್ಯೆ ಹೋಗಬೇಕೆಂದರೆ ಹೊಟ್ಟೆ ತೊಳಸುವುದು. ಇವೆಲ್ಲ ಮನಸ್ಸು ಗಟ್ಟಿ ಇಲ್ಲದವರಿಗೆ ಮಾತ್ರ ಬರುತ್ತವೆ, ಸ್ವಲ್ಪ ಧೈರ್ಯ ತಂದುಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸುವ ಮೊದಲು ಚಾರ್ಲ್ಸ್ ಡಾರ್ವಿನ್ ಅವರ ಬದುಕನ್ನು ಒಮ್ಮೆ ನೋಡಿ.

ಹಡಗು ಹತ್ತುವ ಮೊದಲೇ ಎದೆಬಡಿತ

ಡಾರ್ವಿನ್ ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ಎಂಟು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ವೈದ್ಯರಾಗಿದ್ದ ತಂದೆ ಮಗನನ್ನೂ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಲು ಕಳಿಸಿದರು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಎಚ್ಚರವಿದ್ದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ನೋಡಲಾಗದೆ ಡಾರ್ವಿನ್ ಹೊರಗೆ ಓಡಿದರು, ಆ ಓದನ್ನೇ ಬಿಟ್ಟರು.

1831ರ ಡಿಸೆಂಬರ್‌ನಲ್ಲಿ ಬೀಗಲ್ ಹಡಗು ಹೊರಟಿತು. ಅದಕ್ಕಾಗಿ ಪ್ಲಿಮತ್ ಬಂದರಿನಲ್ಲಿ ಕಾದಿದ್ದ ಎರಡು ತಿಂಗಳು ಅವರಿಗೆ ಎದೆನೋವು, ಎದೆಬಡಿತ. ಹೃದಯದ ಕಾಯಿಲೆಯೇ ಇರಬೇಕೆಂದು ನಂಬಿಬಿಟ್ಟರು. ಆದರೆ ವೈದ್ಯರ ಬಳಿ ಹೋದರೆ ಪ್ರಯಾಣ ಬೇಡ ಎಂದಾರೆಂದು ತೋರಿಸಿಕೊಳ್ಳಲೇ ಇಲ್ಲ. ಆ ಭಯವನ್ನು ಇಟ್ಟುಕೊಂಡೇ ಸುಮಾರು ಐದು ವರ್ಷ ಭೂಮಿಯನ್ನು ಸುತ್ತಿ ಬಂದರು. ಇಂಥವರನ್ನು ಪುಕ್ಕಲು ಎನ್ನಲು ಸಾಧ್ಯವೇ?

ಮನೆಯೊಳಗಿನ ಹೋರಾಟ

ಊರಿಗೆ ಮರಳಿದ ಮೇಲೆ ಆರೋಗ್ಯ ಕೆಟ್ಟಿತು. ವಾಂತಿ, ಹೊಟ್ಟೆಯ ತೊಂದರೆ, ನಡುಕ, ಸುಸ್ತು. ನೆಂಟರಿಷ್ಟರು ಬಂದು ಹೆಚ್ಚು ಮಾತಾಡಿದರೂ ಸಾಕು, ಆಮೇಲೆ ಮೈ ನಡುಗಿ ವಾಂತಿಯಾಗುತ್ತಿತ್ತು. 1842ರಲ್ಲಿ ಹೆಂಡತಿ ಎಮ್ಮಾ ಜೊತೆ ಲಂಡನ್ ಬಿಟ್ಟು ಡೌನ್ ಎಂಬ ಹಳ್ಳಿಗೆ ಹೋದರು. ಔತಣಕೂಟಗಳಿಗೆ ಹೋಗುವುದನ್ನೇ ನಿಲ್ಲಿಸಿದರು.

1849ರಲ್ಲಿ ಮಾಲ್ವರ್ನ್‌ನಲ್ಲಿ ಡಾ. ಗಲ್ಲಿ ಎಂಬವರ ತಣ್ಣೀರಿನ ಚಿಕಿತ್ಸೆ ಪಡೆದರು. ಕೆಲವು ಕಾಲ ಹಾಯೆನಿಸಿತು, ಪೂರ್ತಿ ವಾಸಿಯಾಗಲಿಲ್ಲ. ಎರಡು ವರ್ಷಗಳ ನಂತರ ಅದೇ ಊರಿಗೆ ಕಾಯಿಲೆಯ ಮಗಳು ಆ್ಯನಿಯನ್ನು ಕರೆದೊಯ್ದರು. 1851ರ ಏಪ್ರಿಲ್ 23ರಂದು ಆ್ಯನಿ ಅಲ್ಲೇ ತೀರಿಕೊಂಡಳು. ಅವಳಿಗೆ ಹತ್ತು ವರ್ಷ. ತುಂಬು ಗರ್ಭಿಣಿಯಾಗಿದ್ದ ಎಮ್ಮಾ ದೂರದ ಮನೆಯಲ್ಲಿದ್ದರು. ಒಂದು ವಾರದ ನಂತರ ಡಾರ್ವಿನ್ ಮಗಳ ನಗು, ನಡೆ, ಸ್ವಭಾವ ಮರೆಯದಂತೆ ಕೆಲವು ಪುಟ ಬರೆದಿಟ್ಟರು.

1859ರ ನವೆಂಬರ್‌ನಲ್ಲಿ ಜೀವಿಗಳ ಉಗಮದ ಪುಸ್ತಕ ಹೊರಬಂದಾಗಲೂ ಅವರು ಇಲ್ಕ್ಲಿಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಮರುವರ್ಷ ಆಕ್ಸ್‌ಫರ್ಡ್‌ನಲ್ಲಿ ನಡೆದ ಪ್ರಸಿದ್ಧ ವಾಗ್ವಾದಕ್ಕೂ ಹೋಗಲಾಗಲಿಲ್ಲ. ಅವರ ಪರವಾಗಿ ಗೆಳೆಯರು ಮಾತಾಡಿದರು.

ಭಾವನೆಗಳ ಮೇಲೆ ಪ್ರಯೋಗ

ಇಷ್ಟೆಲ್ಲ ಅನುಭವಿಸಿದ ಮನುಷ್ಯ ಭಾವನೆಗಳನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ತಮ್ಮ ಮೊದಲ ಮಗು ಯಾವಾಗ ನಕ್ಕಿತು, ಯಾವಾಗ ಹೆದರಿತು ಎಂದು ಬರೆದಿಟ್ಟರು. ಅಳು, ಸಿಟ್ಟು, ನಾಚಿಕೆ ಮುಖದಲ್ಲಿ ಹೇಗೆ ಕಾಣುತ್ತವೆ ಎಂದು 16 ಪ್ರಶ್ನೆಗಳ ಪಟ್ಟಿ ಮಾಡಿ ಬೇರೆ ಬೇರೆ ದೇಶಗಳಿಗೆ ಕಳಿಸಿದರು. ಕಲ್ಕತ್ತಾದ ಸಸ್ಯೋದ್ಯಾನದಲ್ಲಿದ್ದ ಜೆ. ಸ್ಕಾಟ್ ಅಲ್ಲಿನ ಕೆಲಸಗಾರರನ್ನು ಗಮನಿಸಿ ಉತ್ತರ ಬರೆದರು. ಎಲ್ಲ ಸೇರಿಸಿ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಪುಸ್ತಕ ಪ್ರಕಟಿಸಿದರು.

ಅದರಲ್ಲಿ ಒಂದು ಪ್ರಯೋಗವಿದೆ. ಲಂಡನ್ ಮೃಗಾಲಯದಲ್ಲಿ ದಪ್ಪ ಗಾಜಿನ ಹಿಂದೆ ಪಫ್ ಆ್ಯಡರ್ ಎಂಬ ವಿಷದ ಹಾವಿತ್ತು. ಏನಾದರೂ ಹಿಂದೆ ಸರಿಯಬಾರದೆಂದು ನಿಶ್ಚಯಿಸಿ ಡಾರ್ವಿನ್ ಗಾಜಿಗೆ ಮುಖ ತಂದರು. ಹಾವು ಎರಗಿದ್ದೇ ತಡ, ಒಂದೆರಡು ಗಜ ಹಿಂದಕ್ಕೆ ಹಾರಿದ್ದರು. ಗಾಜು ಒಡೆಯುವುದಿಲ್ಲ ಎಂಬ ತಿಳಿವಳಿಕೆಯಾಗಲಿ, ಗಟ್ಟಿ ಮನಸ್ಸಾಗಲಿ ಕೆಲಸಕ್ಕೆ ಬರಲಿಲ್ಲ.

ಕಾರಣ ಇಂದು ನಮಗೆ ಗೊತ್ತು. ಅಪಾಯ ಕಂಡರೆ ಮಿದುಳಿನ ಎಚ್ಚರಿಕೆಯ ವ್ಯವಸ್ಥೆ, ನಾವು ಯೋಚಿಸಿ ಮುಗಿಸುವ ಮೊದಲೇ ದೇಹವನ್ನು ಸಜ್ಜುಗೊಳಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆತಂಕದ ತೊಂದರೆ ಇರುವವರಲ್ಲಿ ನಿಜವಾದ ಹಾವು ಇಲ್ಲದಿದ್ದರೂ ಈ ಗಂಟೆ ಬಡಿಯುತ್ತದೆ. ಅವರಿಗೆ ಧೈರ್ಯವಾಗಿರು ಎಂದಷ್ಟೇ ಹೇಳಿದರೆ ಗಂಟೆ ನಿಲ್ಲುವುದಿಲ್ಲ.

ಅದೇ ಪುಸ್ತಕದಲ್ಲಿ ರೈಲಿನಲ್ಲಿ ಎದುರು ಕುಳಿತಿದ್ದ ಒಬ್ಬ ಮುದುಕಿಯ ಪ್ರಸ್ತಾಪವಿದೆ. ಆಕೆಯ ಬಾಯಿಯ ತುದಿಗಳು ಸ್ವಲ್ಪವೇ ಕೆಳಗಿಳಿದಿದ್ದನ್ನು ಡಾರ್ವಿನ್ ಗಮನಿಸಿದರು. ಇದಕ್ಕೇನೂ ಅರ್ಥವಿರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಆಕೆಯ ಕಣ್ಣು ತುಂಬಿ ಬಂತು. ಎಂದೋ ಕಳೆದುಕೊಂಡ ಮಗುವಿನ ನೆನಪಾಗಿರಬಹುದು ಎಂದು ಅವರಿಗೆ ಅನಿಸಿತು. ಅವರೂ ಮಕ್ಕಳನ್ನು ಕಳೆದುಕೊಂಡ ತಂದೆ.

ಹಾಗಾದರೆ ಡಾರ್ವಿನ್‌ಗೆ ಇದ್ದ ಕಾಯಿಲೆ ಯಾವುದು?

ಪ್ಯಾನಿಕ್ ಡಿಸಾರ್ಡರ್, ದಕ್ಷಿಣ ಅಮೆರಿಕದ ಕೀಟದಿಂದ ಹರಡುವ ಚಾಗಸ್ ರೋಗ, ಹಾಲು ಜೀರ್ಣವಾಗದಿರುವುದು: ವೈದ್ಯರು ಇಂಥ ಹಲವು ಊಹೆ ಮಂಡಿಸಿದ್ದಾರೆ. ಯಾವುದೂ ಸಾಬೀತಾಗಿಲ್ಲ. ಇದೇ ಎಂದು ಖಚಿತವಾಗಿ ಹೇಳುವ ಫಾರ್ವರ್ಡ್ ಬಂದರೆ ನಂಬಬೇಡಿ. ನೆನಪಿಡಿ, ಎದೆಬಡಿತಕ್ಕೆ ಆತಂಕವೂ ಕಾರಣವಾಗಬಹುದು, ಹೃದಯ, ಥೈರಾಯ್ಡ್ ಅಥವಾ ರಕ್ತಹೀನತೆಯೂ ಕಾರಣವಾಗಬಹುದು. ವೈದ್ಯರಿಗೆ ತೋರಿಸದೆ ತಿಳಿಯುವುದಿಲ್ಲ.

ಡಾರ್ವಿನ್ ತಮ್ಮ ದಿನವನ್ನು ಮಿತಿಯೊಳಗೆ ಕಟ್ಟಿಕೊಂಡರು. ಕೆಲವೇ ಗಂಟೆ ಕೆಲಸ, ಮನೆಯ ಹಿಂದಿನ ಮರಳುದಾರಿಯಲ್ಲಿ ನಡಿಗೆ, ಎಮ್ಮಾ ಓದಿ ಹೇಳುವ ಕಾದಂಬರಿ, ರಾತ್ರಿ ಇಬ್ಬರೂ ಕೂತು ಬ್ಯಾಕ್‌ಗ್ಯಾಮನ್ ಆಟ. 1876ರ ಹೊತ್ತಿಗೆ ಅವರ ಲೆಕ್ಕದಲ್ಲಿ ಗೆಲುವುಗಳು ಇವರದು 2795, ಎಮ್ಮಾ ಅವರದು 2490. 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲೇ ಕಣ್ಣುಮುಚ್ಚಿದರು.

ಅವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಆತಂಕಕ್ಕೆ ಇಂದು ಮಾತಿನ ಚಿಕಿತ್ಸೆಯೂ ಔಷಧಿಯೂ ಇವೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫಾರ್ವರ್ಡ್ ಮಾಡುವುದಿದ್ದರೆ ಈ ನಂಬರ್ ಮಾಡಿ.