ಮೋಟಗಾನಹಳ್ಳಿ ಜಯಸಿಂಹ

ಹೈದರಾಬಾದಿನ ಕ್ರಿಕೆಟ್ ಅಂದರೆ ನಮ್ಮ ಹಾಸ್ಟೆಲಿನ ಹುಡುಗರು ಅಜರುದ್ದೀನ್ ಅಂತಾರೆ, ಲಕ್ಷ್ಮಣ್ ಅಂತಾರೆ. ಅನ್ನಲಿ, ತಪ್ಪೇನಿಲ್ಲ. ಆದರೆ ಕಾಲರ್ ಎತ್ತಿ ಕ್ರೀಸಿಗೆ ನಡೆದು ಬರುವುದನ್ನು ಈ ಊರಿಗೆ ಮೊದಲು ತೋರಿಸಿದವರು ಎಂ. ಎಲ್. ಜಯಸಿಂಹ. ಎಂ. ಎಲ್. ಅಂದರೆ ಮೋಟಗಾನಹಳ್ಳಿ ಲಕ್ಷ್ಮೀನರಸು. ಆ ಹೆಸರಿನ ಊರು ಮಾಗಡಿ ಸೀಮೆಯಲ್ಲಿದೆ. ಕನ್ನಡ ಓದುವ ನಮಗೆ ಮೋಟಗಾನಹಳ್ಳಿ ಅಂದೊಡನೆ ನೆನಪಾಗುವುದು ಶಾಸ್ತ್ರಿಗಳ ಪಾಂಡಿತ್ಯವೇ ಹೊರತು ಬ್ಯಾಟು-ಚೆಂಡಲ್ಲ!

1939ರ ಮಾರ್ಚ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿದ ಜಯಸಿಂಹ ಹದಿನೈದನೆಯ ವಯಸ್ಸಿಗೇ ಹೈದರಾಬಾದಿನ ಪರವಾಗಿ ರಣಜಿ ಆಡಿದರು. ಆಂಧ್ರದ ಮೇಲೆ ಮೊದಲ ಆಟದಲ್ಲೇ 90 ರನ್. 1959ರಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್ ಪ್ರವೇಶ. ಅಲ್ಲಿ ಮಾತ್ರ ಕೈಗೂಡಲಿಲ್ಲ, ಎರಡು ಇನಿಂಗ್ಸ್ ಸೇರಿ ಒಂಬತ್ತು ರನ್ ಅಷ್ಟೆ.

ನನಗೆ ಮತ್ತೆ ಮತ್ತೆ ಬೆರಗು ಹುಟ್ಟಿಸುವುದು 1960ರ ಜನವರಿಯ ಕಲ್ಕತ್ತಾ ಟೆಸ್ಟ್. ಎದುರಿಗೆ ಬೆನೊ ಅವರ ಆಸ್ಟ್ರೇಲಿಯಾ. ಮೊದಲ ದಿನ ಸಂಜೆ ಹೊತ್ತಿಗೆ ಆಡಲು ಬಂದರು. ಎರಡನೆಯ ದಿನ 20 ರನ್ ಗಳಿಸಿ ಔಟಾಗದೆ ಉಳಿದರು. ಮೂರನೆಯ ದಿನದ ಕೊನೆಗೆ ಮತ್ತೆ ಇವರನ್ನೇ ಕಳಿಸಿದರು, ಸೊನ್ನೆಯಲ್ಲೇ ನಿಂತರು. ನಾಲ್ಕನೆಯ ದಿನವಿಡೀ ಆಡಿದರೂ ಗಳಿಸಿದ್ದು 59. ಐದನೆಯ ದಿನ 74ಕ್ಕೆ ಔಟ್. ಒಂದು ಟೆಸ್ಟಿನ ಐದೂ ದಿನ ಬ್ಯಾಟ್ ಮಾಡಿದ ಮೊಟ್ಟಮೊದಲ ಆಟಗಾರ ಪ್ರಪಂಚದಲ್ಲಿ ಇವರೇ. ಪಂದ್ಯ ಡ್ರಾ ಆಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಪಾಕಿಸ್ತಾನದ ವಿರುದ್ಧ ಎಂಟು ಗಂಟೆಗೂ ಮಿಕ್ಕಿ ಆಡಿ 99 ಮಾಡಿದರು. ಆಮೇಲೆ ರನ್ ಔಟ್! ರೇಷ್ಮೆ ಅಂಗಿ, ಕೊರಳಿಗೆ ಕರವಸ್ತ್ರ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತೋಳು, ಇಷ್ಟನ್ನು ನೋಡಿ ಇವರನ್ನು ಬರೀ ಷೋಕಿಲಾಲ ಅಂತ ತಿಳಿದವರು ಈ ಎರಡು ಆಟಗಳ ಲೆಕ್ಕ ಒಮ್ಮೆ ನೋಡಬೇಕು. ಬೇಕೆಂದಾಗ ಹೊಡೆಯಬಲ್ಲವನು ಬೇಡವೆಂದಾಗ ಕೈ ಕಟ್ಟಿಕೊಳ್ಳುವುದು ಸುಲಭವೇ?

1968ರ ಬ್ರಿಸ್ಬೇನ್ ಆಟವಂತೂ ಕಥೆಯಂತಿದೆ. ತಂಡದಲ್ಲಿ ಮೊದಲು ಇವರ ಹೆಸರೇ ಇರಲಿಲ್ಲ. ನಮ್ಮ ಚಂದ್ರಶೇಖರ್ ಗಾಯಗೊಂಡ ಮೇಲೆ ಕರೆ ಹೋಯಿತು. ವಿಮಾನ ಇಳಿದು, ಸರಿಯಾದ ಅಭ್ಯಾಸವೂ ಇಲ್ಲದೆ ಮೈದಾನಕ್ಕೆ ಇಳಿದವರು 74 ಮತ್ತು 101 ಹೊಡೆದರು. ಗೆಲ್ಲಲು 395 ಬೇಕಿತ್ತು. ಭಾರತ 39 ರನ್ನಿನಿಂದ ಸೋತಿತು.

ಒಟ್ಟು 39 ಟೆಸ್ಟ್, 2056 ರನ್, ಮೂರು ಶತಕ, ಸರಾಸರಿ ಮೂವತ್ತರ ಆಸುಪಾಸು. ಲೆಕ್ಕ ಹಾಕುವ ಗೆಳೆಯರು ಇಲ್ಲಿಗೇ ಮೂಗು ಮುರಿಯುತ್ತಾರೆ. ಆದರೆ ಹೈದರಾಬಾದ್ ತಂಡವನ್ನು ಹದಿನಾರು ಸೀಸನ್ ನಡೆಸಿದ ನಾಯಕನನ್ನು ಯಾವ ಸರಾಸರಿಯಲ್ಲಿ ಅಳೆಯುತ್ತೀರಿ? ಭಾರತದ ನಾಯಕರಾಗಿದ್ದ ಪಟೌಡಿಯೇ ಬಂದು ಇಲ್ಲಿ ಇವರ ಕೈಕೆಳಗೆ ಆಡಿದರು. ಅಬ್ಬಾಸ್ ಅಲಿ ಬೇಗ್, ಆಬಿದ್ ಅಲಿ ಮೊದಲಾದವರು ಬೇರೆ. ಇಷ್ಟಿದ್ದೂ ರಣಜಿ ಟ್ರೋಫಿ ಮಾತ್ರ ಇವರ ಕೈಗೆ ಬರಲಿಲ್ಲ. ಅದು ಹೈದರಾಬಾದಿಗೆ ಮತ್ತೆ ಬಂದದ್ದು 1986-87ರಲ್ಲಿ, ಇವರು ಆಟ ಬಿಟ್ಟ ಮೇಲೆ. ಭಾರತದ ನಾಯಕತ್ವವೂ ಬರಲಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಯಾರು ಬೇಕಾದರೂ ವಾದಕ್ಕೆ ಬರಬಹುದು.

ಕೊನೆಯ ಟೆಸ್ಟ್ 1971ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ. ಅದು ಗಾವಸ್ಕರ್ ಹೊಸದಾಗಿ ಬಂದ ಸರಣಿ. ಮುಂದೆ ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು: ಕನ್ಹಾಯಿಯ ರೋಹನ್, ನಮ್ಮ ವಿಶ್ವನಾಥರ ವಿಶ್ವ, ನಡುವಿನ ಜೈ ಇವರದು. ಜಯಸಿಂಹ 1999ರ ಜುಲೈ 6ರಂದು, ಅರವತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಸಿಕಂದರಾಬಾದಿನಲ್ಲೇ ತೀರಿಕೊಂಡರು.